ತಣ್ಣಗಿರುವಾಗ ನೋಡಬೇಕು

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.
ಬಿಸಿ.
ಜನವರಿಯ ಮುರ್ಗಾಬ್. ಉಗುಳಿದರೆ
ನೆಲ ಮುಟ್ಟುವಷ್ಟರಲ್ಲಿ ಕಲ್ಲಾಗುವ ಚಳಿ.
ನಿಂತ ಗಾಡಿ ಬಿಸಿ.

"ನೀವು ಬರುತ್ತೀರೆಂದು ಒಂದು ಸುತ್ತು ಹೋಗಿ ಬಂದೆ"
ಎಂದ ಜೂಮಾರ್ಟ್, ಟೋಪಿ ಕಿವಿಯ ಮೇಲೆ ಎಳೆದುಕೊಂಡು.
ನಾಲ್ಕೂ ಚಕ್ರದ ಬುಡದಲ್ಲಿ ನಿನ್ನೆ ರಾತ್ರಿಯ ಹಿಮ
ಒಂದು ಗೀರೂ ಇಲ್ಲದೆ ಕೂತಿತ್ತು.
ನಾನೇನೂ ಅನ್ನಲಿಲ್ಲ.

ಹದಿನೇಳು ವರ್ಷದ ಡೀಸೆಲ್ ಜೀಪು, ಮೂರು ಕೈ ದಾಟಿದ್ದು.
ಮೀಟರಿನಲ್ಲಿ ಎರಡು ಲಕ್ಷ ಕಿಲೋಮೀಟರು.
ಬ್ರೇಕಿನ ರಬ್ಬರು ಸವೆದು ಕಬ್ಬಿಣ ಹಲ್ಲು ಕಿರಿಯುತ್ತಿದೆ:
ಅದು ಓಡಿದ ದೂರವಲ್ಲ,
ಹೆಣ್ಣು ನೋಡಲು ಹೋದಾಗ ಹೇಳುವ ವಯಸ್ಸು.

ಎಣ್ಣೆಯ ಮುಚ್ಚಳ ತೆಗೆದು ಬೋರಲು ಇಟ್ಟು ನೋಡಿದೆ,
ಕುಣಿಯಲಿಲ್ಲ, ತುಸು ನಡುಗಿತು.
ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ:
ಒಳಗೆ ಯಾರೋ ಒಣ ಬಟಾಣಿ ಕೇರುತ್ತಿದ್ದರು.
ಇಂಜೆಕ್ಟರು ಹೋಗಿದೆಯೋ,
ಇಲ್ಲಾ ಇದರ ಮಾತೇ ಹೀಗೋ?
ಕೇಳಿ ಹೇಳಬಲ್ಲ ಒಬ್ಬನೇ ಒಬ್ಬ ಮೆಕ್ಯಾನಿಕ್ಕು
ಮುನ್ನೂರು ಕಿಲೋಮೀಟರಾಚೆ ಖೊರೋಗಿನಲ್ಲಿದ್ದಾನೆ,
ಈಚೆಗೆ ಅವನಿಗೂ ಕಿವಿ ಮಂದ.

ನನ್ನ ಹಳೆಯ ರಷ್ಯನ್ ಪೆಟ್ರೋಲ್ ಗಾಡಿ
ದಿನಕ್ಕೊಮ್ಮೆ ಕೆಡುತ್ತದೆ. ನಿಜ.
ಆದರೆ ಕೆಡುವ ಮೊದಲು ಕೆಮ್ಮುತ್ತದೆ,
ಎಲ್ಲಿ ನೋವೆಂದು ಬೆರಳಿಟ್ಟು ತೋರಿಸುತ್ತದೆ.
ಒಂದು ಮೊಳ ತಂತಿ, ತೂತಿಗೆ ಮೆತ್ತಲು ಸಾಬೂನು,
ಸವ್ಸನ್‌ಳ ಹಳೆಯ ಕಾಲುಚೀಲ ಬೆಲ್ಟಿನ ಬದಲಿಗೆ,
ಎದ್ದು ಬರುತ್ತದೆ.

ಇದು ಕೆಡುವುದೇ ಇಲ್ಲ ಅನ್ನುತ್ತಾರೆ.
ಕೆಡದೇ ಇರುವುದು ಕೆಟ್ಟಾಗ,
ಅದೂ ಕೊಯ್-ತೆಜೆಕ್ ಏರಿನ ನೆತ್ತಿಯಲ್ಲಿ,
ಡೀಸೆಲ್ಲು ಪೈಪಿನೊಳಗೆ ತುಪ್ಪದಂತೆ ಹೆಪ್ಪುಗಟ್ಟಿ,
ಹಿಂದೆ ಏಳು ಜನ ನನ್ನ ಕತ್ತನ್ನೇ ನೋಡುತ್ತಾ ಕೂತಿರುವಾಗ,
ಯಾವ ಕಾಲುಚೀಲ ಕಟ್ಟಲಿ?

"ನಾಳೆ ಬೆಳಿಗ್ಗೆ ನೋಡುತ್ತೇನೆ" ಎಂದೆ, "ತಣ್ಣಗಿರುವಾಗ."
ಅವನ ರೆಪ್ಪೆ ಒಮ್ಮೆ ಬಡಿಯಿತು.
"ಹಾಗಿದ್ದರೆ ನಮ್ಮಲ್ಲೇ ಮಲಗಬೇಕು."

ರೊಟ್ಟಿ, ಯಾಕಿನ ಕೆನೆ, ಉಪ್ಪು ಹಾಕಿದ ಹಾಲುಚಹ.
ಅವನ ತಾಯಿ ಎರಡನೆಯ ಕೌದಿ ತಂದು
ಕಾಲ ಕಡೆಯಿಂದ ಒತ್ತಿ ಹೊದಿಸಿದಳು.
ಉಂಡ ಮನೆಯ ಜಂತೆ ಎಣಿಸಬಾರದು, ಗೊತ್ತು.
ಕತ್ತಲಲ್ಲಿ ಮಲಗಿ
ಸೊಮೊನಿ ಎಣಿಸಿದೆ, ಇಪ್ಪತ್ತೆರಡು ಸಾವಿರ ಸಾಲದಾಗಿತ್ತು.

ನಾಲ್ಕಕ್ಕೆ ಬಾಗಿಲು ಕಿರುಗುಟ್ಟಿತು.
ಕಿಟಕಿಯ ಮಂಜು ಉಗುರಿನಲ್ಲಿ ಕೆರೆದು ನೋಡಿದೆ:
ಜೀಪಿನ ಹೊಟ್ಟೆಯಡಿ ಬೋರಲು ಮಲಗಿದ್ದಾನೆ,
ತಟ್ಟೆಯ ತುಂಬ ಸಗಣಿಯ ಕೆಂಡ, ತೆರ್ಸ್ಕೆನ್ ಬೇರು.
ಕೆನ್ನೆ ಉಬ್ಬಿಸಿ ಊದುತ್ತಾನೆ.
ಲಾಟೀನು ಹಿಡಿದ ತಾಯಿ ಗದರುತ್ತಾಳೆ:
"ಮೆಲ್ಲಗೆ, ಅತಿಥಿಗೆ ಎಚ್ಚರವಾದೀತು."

ಬೂಟು ಮೆಟ್ಟಿ ಹೊರಗೆ ಹೋದೆ.
ಅವನಿಗೆ ಮೊದಲು ಕಂಡದ್ದು ನನ್ನ ಬೂಟೇ.
ಊದುವುದು ನಿಂತಿತು.
"ಇಲ್ಲಿ ಎಲ್ಲರೂ ಹೀಗೇ ಮಾಡುವುದು"
ಎಂದಿತು ಗಾಡಿಯ ಕೆಳಗಿನ ಕತ್ತಲು.
ಅದೂ ಸುಳ್ಳಲ್ಲ. ಒಲೆಯ ಮುಂದೆ ಮಂಡಿ ಕಾಯಿಸದೆ
ನಾನೂ ಏಳಲಾರೆ ಈಚೆಗೆ.

"ಎಷ್ಟು ಹೊತ್ತು ಬೇಕು?"
"ನಲವತ್ತು ನಿಮಿಷ. ಗಾಳಿ ಇದ್ದರೆ ಐವತ್ತೈದು."
ಐವತ್ತೈದು.
ಸುಳ್ಳಾಗಿದ್ದರೆ ಹತ್ತು ಎನ್ನುತ್ತಿದ್ದ.

ಹಿಮದ ಮೇಲೆ ಮಲಗಿ ಈ ಕಡೆಯಿಂದ ನಾನೂ ಊದಿದೆ.
ಮೂರನೆಯ ಸಲಕ್ಕೆ ಹಿಡಿಯಿತು,
ಬಿಳಿ ಹೊಗೆ ಕಾರಿ, ಮೈ ಕೊಡವಿ,
ಅದೇ ಬಟಾಣಿ ಕೇರತೊಡಗಿತು.

ಬೆಲೆ ಬೇಗ ಕುದುರಿತು. ತಡವಾದದ್ದು
ಕೆಂಡದ ತಟ್ಟೆಗೆ.
ಅದೂ ಗಾಡಿಯ ಜೊತೆಗೆ ಬರಬೇಕೆಂದೆ.
"ಅದು ರೊಟ್ಟಿ ಸುಡುವ ತಟ್ಟೆ" ಎಂದಳು ತಾಯಿ,
ಬಿಸಿಲು ಏರುವವರೆಗೂ ಬಿಟ್ಟುಕೊಡಲಿಲ್ಲ.