ಹನ್ನೊಂದು ಸಾವಿರದ ಚಿಲ್ಲರೆ

ಮೀಟರು ಸುಳ್ಳು ಹೇಳುತ್ತಿರಲಿಲ್ಲ:
ಹನ್ನೊಂದು ಸಾವಿರದ ಇನ್ನೂರ ಆರು.
ಹದಿನಾರು ವರ್ಷಕ್ಕೆ ಅಷ್ಟೇ.
ನನ್ನ ಡ್ರೈವಿಂಗ್ ಸ್ಕೂಲಿನ ಮಾರುತಿ
ಹೈಸ್ಕೂಲ್ ಮೈದಾನ ಸುತ್ತಿ ಸುತ್ತಿಯೇ ನಾಲ್ಕು ಲಕ್ಷ ದಾಟಿದೆ,
ದಾವಣಗೆರೆ ದಾಟಿಲ್ಲ.

ವಾಮದೇವಪ್ಪನವರ ಗೋದಾಮು. ಮೆಕ್ಕೆಜೋಳದ ಚೀಲಗಳ ಹಿಂದೆ
ತಾಡಪಾಲು ಎಳೆದಾಗ ಮೊದಲು ಎದ್ದದ್ದು ಧೂಳು,
ಆಮೇಲೆ ಕೆಂಪು.
ಎರಡೇ ಬಾಗಿಲು, ಎರಡೇ ಸೀಟು,
ನೆಲಕ್ಕೆ ಹೊಟ್ಟೆ ಹಚ್ಚಿ ಹೊಂಚಿದ ಬೆಕ್ಕಿನ ಹಾಗೆ.
ಕಟ್ಟಿದ ಕಂಪನಿ ಎಂದೋ ಬಾಗಿಲು ಹಾಕಿದೆ.
"ನಮ್ಮ ಹತ್ತಿ ಮಿಲ್ಲು ಇದ್ದಂಗ" ಅಂದರು, ನಗದೆ.

ಹೊಸದರಲ್ಲಿ ಕಾರವಾರ, ಗೋವೆ ಎಲ್ಲ ಸುತ್ತಿದ್ದರಂತೆ.
ವರ್ಷ ತುಂಬುವುದರೊಳಗೆ ಸೊಂಟ ಹಿಡಿಯಿತು.
ಒಳಗೆ ಇಳಿದರೆ ಮೇಲೆತ್ತಲು ಇಬ್ಬರು ಹಮಾಲರು ಬೇಕು.
ಮಾರಲೂ ಮನಸ್ಸಿಲ್ಲ.
ಸೋಮವಾರಕ್ಕೊಮ್ಮೆ ಕಿಟಕಿಯಿಂದ ಕೈ ಹಾಕಿ ಸ್ಟಾರ್ಟ್ ಮಾಡಿ,
ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಕೇಳಿ,
ಆಫ್.
ಬ್ಯಾಟರಿ ಸತ್ತ ಮೇಲೂ ಬಂದು
ಹತ್ತು ನಿಮಿಷ ಕೂತು ಏಳುತ್ತಿದ್ದರು.
ಆಯುಧಪೂಜೆಗೆ ಮುಂದಕ್ಕೊಂದು ಗೇಣು ನೂಕುವರು,
ನಿಂಬೆಹಣ್ಣು ಪಚ್ ಅನ್ನುವುದು,
ಹಿಂದಕ್ಕೊಂದು ಗೇಣು.
ಚಕ್ರದಡಿ ಸಿಮೆಂಟು ಹುಳಿ ತಿಂದು ಗುಳಿಬಿದ್ದದ್ದನ್ನು
ನಾನೇ ಬೆರಳಿಟ್ಟು ನೋಡಿದೆ.

ಬೆಲೆ ಮಾತಿಗೆ ಹೆಗಲ ಟವೆಲು ತೆಗೆದರು, ಮಂಡಿಯ ಅಭ್ಯಾಸ.
ಹೆಂಗಸಿನ ಬೆರಳು ಹಿಡಿದು ಎಣಿಸುವುದು ಹೇಗೆ?
ಅರೆಗಳಿಗೆ ಯೋಚಿಸಿ ಬಾನೆಟ್ಟಿನ ಮೇಲೆ ಹಾಸಿದರು.
ನಾನೇ ಕೆಳಗೆ ಕೈ ತೂರಿದೆ.
ಎಷ್ಟಕ್ಕಾಯಿತು ಅನ್ನುವುದು ಟವೆಲಿಗೆ ಗೊತ್ತು.

ಜಿಲಾನಿ ಬಾನೆಟ್ಟು ಎತ್ತಿ ಮೂಸಿದ.
"ಮೇಡಂ, ಕಮ್ಮಿ ಓಡೈತಿ ಅಂತ ಹಿಗ್ಗಬ್ಯಾಡ್ರಿ.
ಓಡಿದ್ದು ಸವೀತತಿ. ನಿಂತಿದ್ದು ಕೊಳೀತತಿ."
ಏರ್ ಫಿಲ್ಟರಿನೊಳಗೆ ಇಲಿ ಕೂಡಿಟ್ಟ ಮಂಡಕ್ಕಿ,
ಅರ್ಧ ಸೇರಿಗೆ ಮೋಸವಿಲ್ಲ.
ಟ್ಯಾಂಕಿನ ಪೆಟ್ರೋಲು ಬೆಲ್ಲದ ಪಾಕ.
ಟೈರಿನ ಹಲ್ಲು ಹೊಸದೇ, ಕೆನ್ನೆ ಮಾತ್ರ ಚಳಿಗಾಲದ ಹಿಮ್ಮಡಿ.
ಬೆಲ್ಟಿಗೆ ಕಿಲೋಮೀಟರು ಓದಲು ಬರುವುದಿಲ್ಲ,
ಪಂಚಾಂಗ ಬರುತ್ತದೆ.
ಕ್ಲಚ್ ಕೇಬಲ್ಲು ಯಾವುದೋ ವ್ಯಾನಿನದು, ಎರಡಿಂಚು ಕತ್ತರಿಸಿ.
ಬುಷ್ಷು ಹರಿಹರದ ಲೇತಿನಲ್ಲಿ ಕಡೆಸಿದ್ದು, ಎರಡು ಸಲ,
ಮೊದಲನೆಯದು ಕೂದಲೆಳೆ ದಪ್ಪವಾಗಿ.
ಕೊಟ್ಟ ಬೆಲೆಯ ಅರ್ಧ ಮತ್ತೆ ಹೋಯಿತು.
ಸೈಟಿಗೆ ಅಡ್ವಾನ್ಸ್ ಆಗ್ತಿತ್ತಲ್ಲಕ್ಕಾ ಅಂದ ತಮ್ಮ.
ಆಗ್ತಿತ್ತು.

ಇಪ್ಪತ್ತೆರಡು ವರ್ಷ ನಾನು ಕೂತದ್ದು ಎಡಗಡೆ,
ಕಾಲು ಎರಡನೇ ಬ್ರೇಕಿನ ಮೇಲೆ,
ಬಾಯಲ್ಲಿ ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು.
ಭಾನುವಾರ ಬೆಳಗಿನ ಐದಕ್ಕೆ ಹೆದ್ದಾರಿ ಹತ್ತಿದೆ.
ಹೆಬ್ಬಾಳು ಟೋಲಿನ ಹುಡುಗ ಬಗ್ಗಿದ, ಇನ್ನೂ ಬಗ್ಗಿದ,
ನನ್ನ ಮುಖ ಸಿಕ್ಕಿದ ಮೇಲೆ ಕೇಳಿದ: "ಯಾರದಮ್ಮ ಇದು?"
"ನಂದು."
ಎರಡಕ್ಷರಕ್ಕೆ ಗಂಟಲು ಗೇರು ತಪ್ಪಿತು.

ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಕಂಡಾಗ
ಮುಳ್ಳು ಬೋರ್ಡಿನಲ್ಲಿ ಬರೆದಷ್ಟಕ್ಕೇ ನಿಂತಿತ್ತು,
ನಾನು ಪಾಠ ಹೇಳುವವಳು.
ಆದರೂ ಫೈಬರ್ ಮೈಯೆಲ್ಲ ಮೊರದಲ್ಲಿ ಕಾಳು ಕೇರಿದ ಸದ್ದು,
ಬೆನ್ನಿಗೆ ರಸ್ತೆಯ ಒಂದೊಂದೇ ಕಲ್ಲು ಲೆಕ್ಕ ಸಿಕ್ಕುತ್ತಿತ್ತು.
ಎಡಗಡೆಯ ಖಾಲಿ ಸೀಟಿನ ಕೆಳಗೆ
ಬ್ರೇಕಿಲ್ಲ ಅನ್ನುವುದು ಗೊತ್ತು.
ಒಮ್ಮೆ ಬಗ್ಗಿ ನೋಡಿದೆ.

ಸೋಮವಾರ ಬೆಳಿಗ್ಗೆ ಫೋನು.
"ಸ್ಟಾರ್ಟ್ ಮಾಡಿದ್ಯೇನವ್ವಾ?"
ಮಾಡಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿಯುತ್ತೇನೆ.
ಕಲಿಯಲು ಬಂದ ಹುಡುಗಿ ಎಲ್ ಬೋರ್ಡಿಗೆ ಒರಗಿ ಕಾಯುತ್ತಾಳೆ.
ಹತ್ತು ನಿಮಿಷ.
ಆ ಕಡೆ ಒಂದು ಕೆಮ್ಮು, ಯಾರೋ ಚೀಲ ಎಣಿಸುವ ದನಿ,
ಆಮೇಲೆ, "ಟ್ಯಾಪೆಟ್ಟು ಸ್ವಲ್ಪ ಬಡೀತತಿ, ಜಿಲಾನಿಗೆ ತೋರಿಸು."
ಇಟ್ಟುಬಿಡುತ್ತಾರೆ.

ಬಗ್ಗಿ ಕಿವಿಗೊಡುತ್ತೇನೆ.
ಹೌದು, ಬಡಿಯುತ್ತಿದೆ.