ಒಂದೂವರೆ ಡಾಲರ್ ಲಾಭ

ಪಾಸ್ಕೋ ಗ್ಯಾರೇಜಿನವನು ಕೇಳುವುದು ನೂರ ನಲವತ್ತೊಂಬತ್ತು.
ಎಣ್ಣೆ, ಫಿಲ್ಟರು, ಕಾಯುವವರಿಗೆ ಒಂದು ಲೋಟ ನೀರುಕಾಫಿ,
ಗಾಜಿನ ಮೇಲೆ ಮುಂದಿನ ಸಲದ ಚೀಟಿ.
ಈ ಸಲ ಕೊಡುವುದಿಲ್ಲ ಎಂದುಕೊಂಡೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ನಾನೂರು ದುಪ್ಪಟಿ ಮಡಿಸುವ ಕೈಗೆ
ಒಂದು ಬೋಲ್ಟು ಬಿಚ್ಚಲು ಬಾರದೇ?

ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಲೆಕ್ಕ ಬರೆದೆ:
ಐದು ಲೀಟರ್ ಎಣ್ಣೆ, ರಿಯಾಯಿತಿಯಲ್ಲಿ, ಮೂವತ್ತೆಂಟು.
ಫಿಲ್ಟರು ಹನ್ನೆರಡು. ವಾಷರು ಎರಡೂವರೆ.
ಅಷ್ಟೇನಾ!
ಆಮೇಲೆ ನೆನಪಾಯಿತು,
ಕಾರು ತಾನಾಗಿ ಎದ್ದು ನಿಲ್ಲುವುದಿಲ್ಲ.
ಸ್ಟ್ಯಾಂಡು ಐವತ್ತೈದು. ಸ್ಪ್ಯಾನರು ಇಪ್ಪತ್ತನಾಲ್ಕು.
ಎಣ್ಣೆ ಹಿಡಿಯುವ ಬೋಗುಣಿ ಹತ್ತೊಂಬತ್ತು;
ಮನೆಯದನ್ನು ಇಡಲು ಮನಸ್ಸಾಗಲಿಲ್ಲ, ಅದರಲ್ಲಿ ಅವಲಕ್ಕಿ ಕಲಸುತ್ತೇನೆ.
ಫಿಲ್ಟರು ತಿರುಗಿಸುವ ಪಟ್ಟಿ ಹದಿನಾರು, ಕೈಗವಸು ಒಂಬತ್ತು.

ಬೆಂಡಿಗೋದ ಜುಲೈ. ಹುಲ್ಲಿನ ಮೇಲೆ ಇಬ್ಬನಿ ಉಪ್ಪಿನ ಹಾಗೆ ಕಟ್ಟಿತ್ತು.
ರಟ್ಟು ಹಾಸಿ ಕಾರಿನ ಅಡಿ ಮಲಗಿದೆ.
ಇಪ್ಪತ್ತೊಂದು ವರ್ಷದ ಕೊರೊಲ್ಲಾ. ಏಳು ವರ್ಷ
ಇದರೊಳಗೆ ಕೂತು ಅತ್ತಿದ್ದೇನೆ, ತಿಂದಿದ್ದೇನೆ, ಹಾರ್ನ್ ಹೊಡೆದಿದ್ದೇನೆ;
ಹೊಟ್ಟೆ ನೋಡಿದ್ದು ಇವತ್ತು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ.
ಈ ಗಾದೆ ಕಟ್ಟಿದವರು ಕಾರಿನ ಅಡಿ ಮಲಗಿದವರಲ್ಲ.
ಬೋಲ್ಟು ಕಳಚಿದ್ದೇ ತಡ, ಬೆಚ್ಚಗಿನ ಕಪ್ಪುಧಾರೆ
ಮೊದಲು ತೋಳಿಗೆ, ಆಮೇಲೆ ಸಿಮೆಂಟಿಗೆ, ಉಳಿದದ್ದು ಬೋಗುಣಿಗೆ.
ಮುಚ್ಚಿಕೊಂಡೆ, ಎರಡೂ ಕಣ್ಣು.
ಪಕ್ಕದ ಮನೆಯ ಬೆರಿಲ್ ತನ್ನ ಬೆಕ್ಕಿನ ಮಣ್ಣು ತಂದು ಕಲೆಯ ಮೇಲೆ ಸುರಿದಳು.
ಹೊಸ ಚೀಲ ತಂದುಕೊಟ್ಟೆ, ಎಂಟು.
ಬರೆದುಕೊಂಡೆ.

ಕಣ್ಣು ತೆರೆದರೆ ಎದುರಿಗೇ ಫಿಲ್ಟರು.
ಒರೆಸಿದೆ. ಒರೆಸಿದಲ್ಲಿ ಬಿಳಿ ಪೆನ್ನಿನ ಬರಹ:

೯-೫-೨೧

ಉಪ್ಪಿನಕಾಯಿ ಜಾಡಿಗೆ, ಗ್ಯಾಸ್ ಸಿಲಿಂಡರಿಗೆ,
ಹಲ್ಲುಜ್ಜುವ ಬ್ರಷ್ಷಿಗೂ ತಾರೀಖು ಹಾಕುತ್ತಿದ್ದವನ ಕೈ.
ನೀವು ಅಂದುಕೊಂಡ ಹಾಗೆ ಸತ್ತಿಲ್ಲ;
ಅಡಿಲೇಡಿನಲ್ಲಿ ಗಟ್ಟಿಮುಟ್ಟಾಗಿದ್ದಾನೆ,
ಬೇರೊಬ್ಬಳ ಜಾಡಿಗಳ ಮೇಲೆ ಬರೆಯುತ್ತ.
ಅವನು ಹೋದ ಮೇಲೆ ಮೂರು ಸಲ ಪಾಸ್ಕೋಗೆ ದುಡ್ಡು ಕೊಟ್ಟೆ.
ಮೂರು ಬಿಲ್ಲಿನಲ್ಲೂ 'ಫಿಲ್ಟರು ಬದಲಾಯಿಸಿದೆ', ಎದುರಿಗೆ ಸರಿ ಗುರುತು.
ಬದಲಾಗಿದ್ದು ಬಿಲ್ಲಿನಲ್ಲಿ ನನ್ನ ಹೆಸರಿನ ಬಾಲ ಮಾತ್ರ.

ಸೋಮವಾರ ಅದನ್ನು ಒಯ್ದು ಕೌಂಟರಿನ ಮೇಲಿಟ್ಟೆ.
ಇದೇನು, ಹೂಬಳ್ಳಿಯಾ? ಎಂದ ಪಾಸ್ಕೋ.
ತಾರೀಖು, ಎಂದೆ.
ನೀವು ಹೇಳಬೇಕಷ್ಟೆ, ಎಂದ.
ನಿಜ. ಆ ಅಂಗಡಿಯಲ್ಲಿ ಸಾಕ್ಷಿಯನ್ನು ಓದಬಲ್ಲವಳು ನಾನೊಬ್ಬಳೇ,
ಬರೆದವನನ್ನು ಕರೆಸುವ ಹಾಗಿಲ್ಲ.
ಒಂದನೇ ಕ್ಲಾಸಿನ ಟೀಚರಮ್ಮನ ಹಾಗೆ ಬೆರಳಿಟ್ಟು ತೋರಿಸಿದೆ:
ಒಂಬತ್ತು. ಐದು. ಎರಡು, ಒಂದು.
ಒಳಗೆ ಟೈರು ಉರುಳಿಸುತ್ತಿದ್ದ ಹುಡುಗ ನಿಂತುಬಿಟ್ಟ. ಕಿವಿ ಕೆಂಪು.
ಪಾಸ್ಕೋ ಅವನ ಕಡೆ ನೋಡಿದ. ಗಲ್ಲಾ ತೆರೆದ.
ಮೂರು ಫಿಲ್ಟರು, ಹನ್ನೆರಡರಂತೆ ಮೂವತ್ತಾರು.
ಇದನ್ನು ಎಸೆಯಲೇ? ಎಂದ.
ಎಸೆಯಿರಿ, ಎಂದೆ.
ಬಾಗಿಲ ಹತ್ತಿರ ಸ್ವಲ್ಪ ನಿಂತೆ,
ಕೋಟಿನ ಗುಂಡಿ ಹಾಕಿಕೊಳ್ಳಲು.

ಒಟ್ಟು ಖರ್ಚು ನೂರ ಎಂಬತ್ತಮೂರೂವರೆ.
ಪಾಸ್ಕೋನ ರೇಟಿಗಿಂತ ಮೂವತ್ತನಾಲ್ಕೂವರೆ ನಷ್ಟ.
ಕೈಗೆ ಬಂದದ್ದು ಮೂವತ್ತಾರು.
ಎರಡೂವರೆ ಗಂಟೆಯ ಕೂಲಿ ಸೇರಿಸಿಲ್ಲ,
ಭಾನುವಾರ ನನ್ನದು.
ಮಿಕ್ಕ ಎಣ್ಣೆ ಷೆಡ್ಡಿನಲ್ಲಿದೆ, ಒಂದೂಕಾಲು ಲೀಟರಿನಷ್ಟು.

ಹೊಸ ಫಿಲ್ಟರಿನ ಮೇಲೆ ನಾನೂ ಬರೆದಿದ್ದೇನೆ.
ತಿಂಗಳ ಅಂಕಿಗೆ ಬಂದಾಗ ಪೆನ್ನು ತಡೆಯಿತು:
ಆರಕ್ಕೆ ಬಾಲ ಯಾವ ಕಡೆ, ಏಳಕ್ಕೆ ಯಾವ ಕಡೆ,
ಶಾಲೆಯಲ್ಲೂ ನನಗದು ಗೊಂದಲವೇ.
ಏನೋ ಒಂದು ಬರೆದೆ.
ಮುಂದಿನ ವರ್ಷ ಅಡಿ ಮಲಗಿ ಓದುವವಳೂ ನಾನೇ ತಾನೇ.