ವಿಂಗಡಣೆ

ಸಮೋರಾ ಪಟ್ಟಣದ ಅಂಚೆಕೋಣೆಯಲ್ಲಿ
ಮೂವತ್ತೆಂಟು ವರ್ಷ ನಾನು ನಿಂತೇ ಇದ್ದೆ.
ಎದುರಿಗೆ ಮರದ ಗೂಡುಗಳು, ಜೇನುಹುಟ್ಟಿನ ಹಾಗೆ:
ನಲವತ್ತನಾಲ್ಕು ಅಂದರೆ ತೆರುಯೆಲ್,
ಹದಿನಾರು ಕುಯೆಂಕಾ, ಇಪ್ಪತ್ತೇಳು ಲುಗೊ.
ಕೈಗೆ ಗೊತ್ತಿತ್ತು ದೇಶ. ಕಾಲಿಗೆ ಗೊತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ಗೋಡೆ ಗಡಿಯಾರ ಕೊಟ್ಟರು.
ಬ್ಯಾಟರಿ ಕಿತ್ತು ರೇಡಿಯೊಗೆ ಹಾಕಿದೆ.

ಪ್ರವಾಸ ಕಚೇರಿಯ ಹುಡುಗ, ತಲೆಗೆ ಎಣ್ಣೆ ಮೆತ್ತಿದವನು,
ಹದಿನಾಲ್ಕು ದಿನ, ಹನ್ನೊಂದು ನಗರ, ಊಟ ತಿಂಡಿ ಸೇರಿ
ಎಂದು ಬಣ್ಣದ ಹಾಳೆ ಚಾಚಿದ.
"ಮಗೂ, ನಾನೇನು ರಿಜಿಸ್ಟರ್ಡ್ ಪಾರ್ಸಲ್ಲೇ?" ಎಂದೆ.
ಹಾಳೆ ಮಡಿಸಿ ತಂದು ಅಡುಗೆಮನೆಯ
ಕುಂಟು ಮೇಜಿನ ಕಾಲಡಿ ಇಟ್ಟೆ. ಈಗ ಅದು ಅಲುಗುವುದಿಲ್ಲ.

ಅದೇ ಮೇಜಿನ ಮೇಲೆ ಮೂರು ಚಳಿಗಾಲದಿಂದ
ನಡೆದಿದೆ ನಮ್ಮ ಪ್ರಯಾಣ:
ನಾನು, ಅತ್ತಿಗೆ ಎರ್ಮಿನಿಯಾ, ಮಡಿಕೆ ಹರಿದ ನಕಾಶೆ,
ತಂಗುವ ಊರಿಗೊಂದರಂತೆ ಚನ್ನಂಗಿ ಕಾಳು.
ಊರಿಗೊಂದು ತಿಂಗಳು, ಕಡಿಮೆಗೆ ನಾವಿಲ್ಲ.
ರೊಟ್ಟಿಯಂಗಡಿಯವಳು ಕೇಳದೆಯೇ ಕೊಡುವಷ್ಟು ದಿನ,
ಪಕ್ಕದ ಮನೆಯ ನಾಯಿ ಬೊಗಳುವುದು ಬಿಡುವಷ್ಟು ದಿನ,
ಯಾರಾದರೂ ಒಬ್ಬರು
ನಮ್ಮ ಮೇಲೆ ಮುನಿಸಿಕೊಳ್ಳುವಷ್ಟು ದಿನ.

ದೇಶ ಸುತ್ತಬೇಕು, ಇಲ್ಲ ಕೋಶ ಓದಬೇಕು ಅನ್ನುತ್ತಾರೆ.
ಕೋಶ ಓದಿದ್ದಾಯಿತು: ಪಿನ್‌ಕೋಡುಗಳದು,
ಒಂಬೈನೂರು ಪುಟ, ಒಂದೂ ಚಿತ್ರವಿಲ್ಲ.

ಎರ್ಮಿನಿಯಾಗೆ ಕಡಲು ಬೇಕು. ಕಾದಿಸ್, ಹುರಿದ ಮೀನು,
ಬರಿಗಾಲಿಗೆ ಮರಳು. ಇರಲಿ, ಫೆಬ್ರುವರಿಗೆ ಹಾಕಿದೆ.
ತೆರುಯೆಲ್‌ನ ಚಳಿಗೆ ಅವಳ ಎಡ ಮೊಣಕಾಲು ಒಪ್ಪುವುದಿಲ್ಲ;
ಅದನ್ನು ಜೂನಿಗೆ ದೂಡಿದೆವು.
ಗಂಟು ಇಷ್ಟು: ನನ್ನ ಪಿಂಚಣಿ,
ಅಣ್ಣ ಅವಳಿಗೆ ಬಿಟ್ಟುಹೋದ ಅರ್ಧ ಪಿಂಚಣಿ,
ಮಹಡಿಯ ಕೋಣೆ ಬಾಡಿಗೆಗೆ ಹೋದರೆ ಬಸ್ಸಿನ ಖರ್ಚು.
ರೈಲು ಬೇಡ. ರೈಲು ಊರುಗಳ ಬೆನ್ನು ತೋರಿಸುತ್ತದೆ,
ಒಣಹಾಕಿದ ಬಟ್ಟೆ, ಹಿತ್ತಿಲ ಗೋಡೆ.
ಬಸ್ಸು ತಲೆಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಒಂದು ಕಾಳನ್ನು ಮಾತ್ರ ಅವಳಿಗೆ ಹೇಳದೆ ಇಟ್ಟಿದ್ದೆ.
ಹಾಏನ್ ಸೀಮೆ, ಇಪ್ಪತ್ತಮೂರರ ಗೂಡು,
ಆಲಿವ್ ಗುಡ್ಡಗಳ ನಡುವೆ ಒಂದು ಚೂರು ಹಳ್ಳಿ.
ಪ್ರತಿ ನವೆಂಬರಿನಲ್ಲಿ ಹಸಿರು ಶಾಯಿಯ ಲಕೋಟೆಯೊಂದು
ನಮ್ಮೂರಿಂದ ಅಲ್ಲಿಗೆ ಹೋಗುತ್ತಿತ್ತು,
ಸೆಬೆರಿಯಾನಾ ಎಂಬಾಕೆಗೆ. ಕಳಿಸಿದವರ ಹೆಸರಿಲ್ಲ.
ಹತ್ತೊಂಬತ್ತು ನವೆಂಬರ್ ಎಣಿಸಿದೆ.
ಇಪ್ಪತ್ತನೆಯದು ಬರಲಿಲ್ಲ.
ಡಿಸೆಂಬರ್ ಮುಗಿಯುವವರೆಗೂ ಆ ಗೂಡಿನ
ಎಡ ಮೂಲೆಯಲ್ಲಿ ಬೆರಳಗಲ ಜಾಗ ಬಿಟ್ಟೇ ಇದ್ದೆ.

ಹುಡುಕುವುದಕ್ಕಲ್ಲ ಹೋಗುವುದು.
ಬಾಗಿಲ ಸಂಖ್ಯೆ ಏಳೋ ಹದಿನೇಳೋ ಮರೆತಿದ್ದೇನೆಂದು
ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆ.
ಚೌಕದ ಬೆಂಚಿನಲ್ಲಿ ಒಂದು ನವೆಂಬರ್ ಪೂರ್ತಿ ಕೂತು
ಕಾಯಿ ಉದುರಿಸುವ ಗಳುಗಳ ಸದ್ದು ಕೇಳಬೇಕು,
ಅಂಚೆಯವನು ಯಾವ ಓಣಿಯಿಂದ ಬರುತ್ತಾನೆ ನೋಡಬೇಕು.
ನಾನಿಲ್ಲಿ ಎಸೆದದ್ದು
ಎಲ್ಲಿ ಬೀಳುತ್ತಿತ್ತು, ಅಷ್ಟೇ.

ನಿನ್ನೆ ಎರ್ಮಿನಿಯಾ ಮೇಜು ಒರೆಸುವಾಗ
ಕಾಳುಗಳನ್ನೆಲ್ಲ ಬಳಿದು ಸಾರಿಗೆ ಹಾಕಿಬಿಟ್ಟಳು.
ಕಾದಿಸ್, ತೆರುಯೆಲ್, ಆ ಹಳ್ಳಿ, ಎಲ್ಲ
ಬೆಳ್ಳುಳ್ಳಿಯ ಜತೆ ಬೆಂದವು.
ಚೆನ್ನಾಗಿತ್ತು. ಎರಡು ಸಲ ಬಡಿಸಿಕೊಂಡೆ.

"ಮತ್ತೆ ಮೊದಲಿಂದ" ಎಂದಳು, ಡಬ್ಬದ ಮುಚ್ಚಳ ತೆಗೆದು.
ಮೊದಲ ಕಾಳನ್ನು ಕಡಲಿಗಿಡಲಿಲ್ಲ.
ಕನ್ನಡಕ ಮೂಗಿಗಿಳಿಸಿ, ಬೆರಳಲ್ಲಿ ದಾರಿ ತಡವುತ್ತ
ಹಾಏನ್ ದಾಟಿ, ಗುಡ್ಡ ದಾಟಿ, ಅಲ್ಲೇ ಇಟ್ಟಳು.
"ಇಲ್ಲೊಂದಿತ್ತಲ್ಲ, ನೀನು ಹೆಸರು ಹೇಳದ್ದು.
ಯಾವ ತಿಂಗಳು?"

ಗುರುವಾರ ಅವಳ ಮೊಣಕಾಲಿನ ಎಕ್ಸ್‌ರೇ ಇದೆ.
ಅದಾದ ಮೇಲೆ ಹೇಳುತ್ತೇನೆ ಎಂದೆ.